ತಾರಸಿಗಳು ನೋಡುವ ದಿಕ್ಕು

ಬೆಂಗಳೂರಿನ ತಾರಸಿಗಳನ್ನು ನೋಡಬೇಕೆಂದರೆ ಹಿಂದೆಲ್ಲ ಇನ್ನೊಂದು ತಾರಸಿ ಹತ್ತಬೇಕಿತ್ತು. ಈಗ ಮೆಟ್ರೊ ಟೋಕನ್ ಸಾಕು. ಹಸಿರು ಮಾರ್ಗದ ರೈಲು ಯಶವಂತಪುರ ಬಿಟ್ಟು ಗೊರಗುಂಟೆಪಾಳ್ಯ, ಪೀಣ್ಯ ಎಂದು ಮುಂದೆ ಹೋದಂತೆ ಎರಡೂ ಕಡೆ ಮನೆಗಳ ನೆತ್ತಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕರೀ ನೀರಿನ ಟ್ಯಾಂಕು, ಸೋಲಾರ್ ಹೀಟರು, ಒಣಹಾಕಿದ ಸೀರೆ, ಹರಡಿದ ಹಪ್ಪಳ, ಚಕ್ರ ಕಳೆದುಕೊಂಡ ಮಕ್ಕಳ ಸೈಕಲ್ಲು. ಇವುಗಳ ನಡುವೆ, ತೊಳೆದ ತಟ್ಟೆಗಳನ್ನು ನೀರು ಸೋರಲು ಒರಗಿಸಿಟ್ಟಂತೆ, ಸಾಲುಸಾಲು ಡಿಶ್‌ಗಳು. ಎಲ್ಲೋ ಅಪರೂಪಕ್ಕೆ, ಕಬ್ಬಿಣದ ಪೈಪಿನ ತುದಿಯಲ್ಲಿ ತಿಂದು ಬಿಟ್ಟ ಮೀನಿನ ಮುಳ್ಳಿನಂಥ ಒಂದು ಹಳೆಯ ಆಂಟೆನಾ.

ನನ್ನ ಜೇಬಿನಲ್ಲಿ ಮಗಳ ಶಾಲೆಯ ಪ್ರಾಜೆಕ್ಟಿಗೆಂದು ತಂದ ಸಣ್ಣ ದಿಕ್ಸೂಚಿ ಇತ್ತು. ಫೋನಿನಲ್ಲೂ ಒಂದಿದೆ. ಸುತ್ತ ಕಬ್ಬಿಣವೇ ತುಂಬಿರುವ ಕಡೆ ಎರಡೂ ತಲೆ ತಿರುಗಿದಂತೆ ಆಡುತ್ತವೆ; ಎರಡನ್ನೂ ಕೇಳಿ ನಡುವಿನ ಸತ್ಯ ಹಿಡಿಯಬೇಕು. ಎರಡು ದಿನದ ಓಡಾಟದ ಗುರಿ ಇಷ್ಟೇ: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂಬ ಊರಿನ ಮೂರು ಅಂಚುಗಳಲ್ಲಿ ಮನೆಗಳು ಟಿವಿಗಾಗಿ ಯಾವ ಕಡೆ ಮುಖ ಮಾಡಿವೆ ಎಂದು ನೋಡುವುದು. ಟಿವಿ ಚೆನ್ನಾಗಿ ಬರಬೇಕೆಂದರೆ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ. ಸೆಟ್ಟು ಯಾವ ಕಂಪನಿಯದು ಎನ್ನುವುದು ಆಮೇಲಿನ ಮಾತು.

ಪೀಣ್ಯ: ಶೆಡ್ಡಿನ ನೆರಳು

ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು ಒಳರಸ್ತೆಗೆ ತಿರುಗಿದರೆ ಕಟಿಂಗ್ ಆಯಿಲ್ ವಾಸನೆ ಮೂಗಿಗೆ ಬಡಿಯುತ್ತದೆ. ಲೇತ್, ಪ್ರೆಸ್, ಪ್ಲೇಟಿಂಗ್, ಪೌಡರ್ ಕೋಟಿಂಗ್, ಒಂದರ ಪಕ್ಕ ಒಂದು ಶೆಡ್ಡು. ನನಗೆ ಪರಿಚಯದ ಹಿರಿಯರೊಬ್ಬರು ಇಲ್ಲೇ ಮೂವತ್ತು ವರ್ಷ ಲೇತ್ ನಡೆಸಿ ನಿವೃತ್ತರಾದವರು. ಹತ್ತಿರದಲ್ಲೇ ಮನೆ. ಅವರ ತಾರಸಿಯಲ್ಲಿ ಹಳೆಯ ಆಂಟೆನಾ ಇನ್ನೂ ನಿಂತಿದೆ.

"ಇದನ್ಯಾಕೆ ಕೀಳಿಸಿಲ್ಲ ಸಾರ್?"

"ಕೀಳೋಕೆ ಕೂಲಿ ಕೊಡ್ಬೇಕಲ್ಲಪ್ಪ. ಇದ್ರೆ ಬಟ್ಟೆ ಹಗ್ಗ ಕಟ್ಟೋಕಾದ್ರೂ ಆಗುತ್ತೆ."

ಹತ್ತಿರ ಹೋಗಿ ನೋಡಿದೆ. ಒಂದು ಅಡ್ಡಪಟ್ಟಿ, ಅದರ ಮೇಲೆ ಏಳು ಅಲ್ಯೂಮಿನಿಯಂ ಕಡ್ಡಿಗಳು. ಎಲ್ಲಕ್ಕಿಂತ ಹಿಂದಿರುವುದು ಎಲ್ಲಕ್ಕಿಂತ ಉದ್ದ. ಅಲೆ ದಾಟಿ ಹೋಗದಂತೆ ಹಿಂದಿರುಗಿಸುವ ಕೆಲಸ ಅದರದು. ಅದರ ಮುಂದೆ ಉದ್ದ ಬಳೆಯಂತೆ ಮಡಚಿದ ಕಡ್ಡಿ. ತಂತಿ ಹೊರಡುವುದು ಅದರಿಂದ ಮಾತ್ರ. ಉಳಿದ ಐದು ಮುಂದಕ್ಕೆ ಹೋದಂತೆ ಗಿಡ್ಡವಾಗುತ್ತ ಬರುತ್ತವೆ. ತಮ್ಮ ಎದುರಿನಿಂದ ಬರುವ ಅಲೆಯನ್ನು ಕೈ ಹಿಡಿದು ಹಿಂದಕ್ಕೆ ದಾಟಿಸುವುದಷ್ಟೇ ಅವುಗಳ ಕೆಲಸ. ಜಪಾನಿನ ಯಾಗಿ ಮತ್ತು ಉದಾ ಎಂಬ ಇಬ್ಬರು ಎಂಜಿನಿಯರುಗಳು 1920ರ ದಶಕದಲ್ಲಿ ಕಂಡುಕೊಂಡ ಉಪಾಯ ಇದು. ಕಡ್ಡಿಗಳ ಉದ್ದಕ್ಕೂ ಲೆಕ್ಕವಿದೆ. ಸೆಕೆಂಡಿಗೆ 20 ಕೋಟಿ ಸಲ ಕಂಪಿಸುವ ಅಲೆಯ ಉದ್ದ ಒಂದೂವರೆ ಮೀಟರು; ಅದನ್ನು ಹಿಡಿಯುವ ಕಡ್ಡಿ ಅದರ ಅರ್ಧಕ್ಕಿಂತ ತುಸು ಕಡಿಮೆ ಇರಬೇಕು. ಮಡಚಿದ ಕಡ್ಡಿಯ ಬಾಯಲ್ಲಿ ಬಿಸಿಲಿಗೆ ಸೀಳಿದ ಪ್ಲಾಸ್ಟಿಕ್ ಡಬ್ಬಿ, ಅದರಿಂದ ಇಳಿಬಿದ್ದ ಚಪ್ಪಟೆ ತಂತಿಯ ತುಂಡು. ಒಣಗಿದ್ದಾಗ ಬಹಳ ಒಳ್ಳೆಯ ತಂತಿ ಅದು. ಮಳೆಯಲ್ಲಿ ನೆನೆಯಿತೋ, ಆಂಟೆನಾ ಹಿಡಿದುಕೊಟ್ಟದ್ದರಲ್ಲಿ ದೊಡ್ಡ ಪಾಲನ್ನು ದಾರಿಯಲ್ಲೇ ಕುಡಿದುಬಿಡುತ್ತಿತ್ತು.

ದಿಕ್ಸೂಚಿ ಹಿಡಿದೆ. ಆಂಟೆನಾದ ಗಿಡ್ಡ ಕಡ್ಡಿಗಳ ಮೂತಿ ಪೂರ್ವಕ್ಕೆ, ಪೂರ್ವದಿಂದ ಇಪ್ಪತ್ತು ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿದೆ. ಆ ದಿಕ್ಕಿನಲ್ಲಿ ಗೆರೆ ಎಳೆದರೆ ಸುಮಾರು 8 ಕಿಲೋಮೀಟರ್ ಆಚೆ ಸಿಗುವುದು ಜೆ.ಸಿ. ನಗರ, ಅಲ್ಲಿನ ದೂರದರ್ಶನದ ಗೋಪುರ.

ಬೆಂಗಳೂರಿಗೆ ಟಿವಿ ಬಂದದ್ದು 1981ರ ನವೆಂಬರಿನಲ್ಲಿ. ದಿಲ್ಲಿಯಲ್ಲಿ 1959ರಲ್ಲೇ ಶುರುವಾಗಿತ್ತು. ಮುಂಬಯಿಗೆ 1972ರಲ್ಲಿ, ಮದರಾಸಿಗೆ 1975ರಲ್ಲಿ ಬಂದಿತ್ತು. ಎಲೆಕ್ಟ್ರಾನಿಕ್ಸ್ ಎಂದರೆ ನಮ್ಮೂರು ಎಂದು ಎದೆ ತಟ್ಟಿಕೊಳ್ಳುವ ಬೆಂಗಳೂರಿನವರು ಅಷ್ಟು ವರ್ಷ ಕಾದಿದ್ದರು. ಬಂದ ಮೇಲೆ ಊರಿನ ಸುತ್ತಲ ಆಂಟೆನಾಗಳಿಗೆಲ್ಲ ಒಂದೇ ದೇವರು. ಪೀಣ್ಯದವು ಪೂರ್ವಕ್ಕೆ ತಿರುಗಿದವು. 17 ಕಿಲೋಮೀಟರ್ ದೂರದ ವೈಟ್‌ಫೀಲ್ಡ್‌ನವು ಪಶ್ಚಿಮಕ್ಕೆ, 19 ಕಿಲೋಮೀಟರ್ ದೂರದ ಎಲೆಕ್ಟ್ರಾನಿಕ್ ಸಿಟಿ ಕಡೆಯವು ಉತ್ತರಕ್ಕೆ. ಅಂಚಿನ ಹಳ್ಳಿಗಳಲ್ಲಿ ದಾರಿ ತಪ್ಪಿದವನು ಯಾವುದಾದರೂ ಆಂಟೆನಾದ ಮೂತಿ ಹಿಡಿದು ನಡೆದಿದ್ದರೆ ಕೊನೆಗೆ ಜೆ.ಸಿ. ನಗರಕ್ಕೇ ಬಂದು ತಲುಪುತ್ತಿದ್ದ.

ಈ ಅಲೆಗಳು ಹೆಚ್ಚುಕಡಿಮೆ ದೃಷ್ಟಿಯಂತೆ ನೇರ ಹೋಗುವಂಥವು. ಭೂಮಿ ಗುಂಡಗಿರುವುದರಿಂದ ಒಂದು ಹಂತದ ಆಚೆ ಗೋಪುರ ಮರೆಯಾಗುತ್ತದೆ. 100 ಮೀಟರ್ ಎತ್ತರದ ಗೋಪುರವಿದ್ದು, ಮನೆಯ ಆಂಟೆನಾ ನೆಲದಿಂದ 9 ಮೀಟರ್ ಮೇಲಿದ್ದರೆ ಇಬ್ಬರಿಗೂ ಮುಖಾಮುಖಿ ಸಿಗುವುದು 50 ಕಿಲೋಮೀಟರಿನ ಆಸುಪಾಸಿನವರೆಗೆ. ಹಳ್ಳಿಯವರು ಎರಡು ಪೈಪು ಜೋಡಿಸಿ ಆಂಟೆನಾವನ್ನು ಮುಗಿಲಿಗೆ ಏರಿಸುತ್ತಿದ್ದುದು, ಬುಡದಲ್ಲಿ ಬೂಸ್ಟರ್ ಡಬ್ಬಿ ಇಡುತ್ತಿದ್ದುದು ಇದಕ್ಕೇ. ಪೀಣ್ಯಕ್ಕೆ ದೂರದ ಕಷ್ಟ ಇರಲಿಲ್ಲ. ಅದರ ಕಷ್ಟ ಬೇರೆ.

"ನೆರಳು ಬೀಳೋದು," ಎಂದರು ಹಿರಿಯರು. "ರಾಜ್‌ಕುಮಾರ್ ಪಕ್ಕದಲ್ಲಿ ಇನ್ನೊಬ್ಬ ರಾಜ್‌ಕುಮಾರ್."

ನೆರಳು ಎಂದರೆ ಪರದೆಯ ಮೇಲೆ ಪ್ರತಿ ಚಿತ್ರಕ್ಕೂ ಬಲಗಡೆ ಕಾಣುವ ಮಸುಕಾದ ಜೋಡಿ. ಅಲೆ ಗೋಪುರದಿಂದ ನೇರ ಬಂದು ಆಂಟೆನಾ ಸೇರುತ್ತದೆ. ಅದೇ ಅಲೆ ಮನೆಯಾಚೆಯ ತಗಡಿನ ಶೆಡ್ಡಿಗೆ ಬಡಿದು, ವಾಪಸು ಬಂದು ಇನ್ನೊಮ್ಮೆ ಸೇರುತ್ತದೆ. ತಡವಾಗಿ ಬಂದವನು ಬದಿಯಲ್ಲಿ ನಿಲ್ಲಬೇಕು. ಎಷ್ಟು ಬದಿಗೆ ಎನ್ನುವುದಕ್ಕೂ ಲೆಕ್ಕವಿದೆ. ಹಳೆಯ ಟಿವಿಯ ಚಿತ್ರದಲ್ಲಿ 625 ಗೆರೆ. ಒಂದು ಗೆರೆಯ ಕಾಣುವ ಭಾಗ ಎಡದಿಂದ ಬಲಕ್ಕೆ ಓಡಲು ಸೆಕೆಂಡಿನ ಹತ್ತು ಲಕ್ಷದ 52 ಭಾಗ ಸಾಕು. ಶೆಡ್ಡಿಗೆ ಹೋಗಿ ಬಂದ ಅಲೆ 300 ಮೀಟರ್ ಹೆಚ್ಚು ಸುತ್ತಿದ್ದರೆ ಹತ್ತು ಲಕ್ಷದ ಒಂದು ಭಾಗದಷ್ಟು ತಡ. 20 ಇಂಚಿನ ಸೆಟ್ಟಿನಲ್ಲಿ ಆ ತಡ ಸುಮಾರು 8 ಮಿಲಿಮೀಟರಾಗಿ ಕಾಣುತ್ತದೆ. ಪರದೆಗೆ ಸ್ಕೇಲಿಟ್ಟು ನೆರಳನ್ನು ಅಳೆದಿದ್ದರೆ, ಮನೆಯ ಹಿಂದೆ ನೂರೈವತ್ತು ಮೀಟರಿನಲ್ಲಿರುವ ಯಾವ ಶೆಡ್ಡು ಈ ಕಿತಾಪತಿ ಮಾಡುತ್ತಿದೆ ಎಂದು ಬೆರಳು ಮಾಡಿ ತೋರಿಸಬಹುದಿತ್ತು.

ಪರಿಹಾರಗಳೂ ಇದ್ದವು. ಕಡ್ಡಿ ಹೆಚ್ಚಿದಷ್ಟೂ ಆಂಟೆನಾ ಪಕ್ಕದ, ಹಿಂದಿನ ಅಲೆಗಳಿಗೆ ಕಿವುಡಾಗುತ್ತದೆ; ಹಾಗಾಗಿ ಐದರ ಬದಲು ಒಂಬತ್ತು ಕಡ್ಡಿಯದನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ತರುವುದು. ಇಲ್ಲವೇ ಗೋಪುರಕ್ಕೆ ಸರಿಯಾಗಿ ಮುಖ ಮಾಡದೆ, ನೆರಳು ಸಾಯುವವರೆಗೆ ಒಂದಿಷ್ಟು ಓರೆಯಾಗಿ ನಿಲ್ಲಿಸುವುದು. ಚಿತ್ರ ಒಂದು ಪಾಲು ಮಂಕಾದರೂ ರಾಜ್‌ಕುಮಾರ್ ಒಬ್ಬರೇ ಉಳಿಯುತ್ತಿದ್ದರು. ಆದರೆ ಕೆಲವಕ್ಕೆ ಮದ್ದಿರಲಿಲ್ಲ. ಶೆಡ್ಡಿನಲ್ಲಿ ಯಾರೋ ವೆಲ್ಡಿಂಗ್ ಹಚ್ಚಿದರೆ, ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿಸಿದರೆ, ಬೀದಿಯಲ್ಲಿ ಲೂನಾ ಮೊಪೆಡ್ ಹೋದರೆ ಪರದೆಯ ಅಡ್ಡಕ್ಕೆ ಚುಕ್ಕೆಯ ಸಾಲು ಎದ್ದು ಕುಣಿಯುತ್ತಿತ್ತು. ಎಲ್ಲ ಕಿಡಿಯೂ ಒಂದು ಪುಟ್ಟ ಟ್ರಾನ್ಸ್‌ಮಿಟರೇ. ಪೀಣ್ಯದಲ್ಲಿ ಕಿಡಿಗೆ ಬರವಿರಲಿಲ್ಲ.

ನಮ್ಮ ಮನೆ ದಾಸರಹಳ್ಳಿಯಲ್ಲಿತ್ತು. ಭಾನುವಾರದ ಸಿನಿಮಾಕ್ಕೆ ಮುಂಚೆ ಅಪ್ಪ ತಾರಸಿ ಹತ್ತುವುದು, ಅಮ್ಮ ಟಿವಿ ಮುಂದೆ, ನಾನು ಮೆಟ್ಟಿಲ ನಡುವೆ ನಿಂತು ಸುದ್ದಿ ದಾಟಿಸುವುದು. "ಬಂತಾ?" "ಬಂತು!" ಅಪ್ಪ ಪೈಪಿನಿಂದ ಕೈ ತೆಗೆದು ಎರಡು ಹೆಜ್ಜೆ ಇಟ್ಟದ್ದೇ ತಡ, "ಹೋಯ್ತು!" ಮತ್ತೆ ಹೋಗಿ ಹಿಡಿದರೆ ಬರುತ್ತಿತ್ತು. ನೀರು ತುಂಬಿದ ಮನುಷ್ಯನ ಮೈಯೂ ಅಲೆಗೆ ಒಂದು ಅಡ್ಡಿ, ಒಂದು ಕನ್ನಡಿ; ಆಂಟೆನಾ ಪಕ್ಕ ನಿಂತವನು ಅದರ ಎಂಟನೆಯ ಕಡ್ಡಿಯಾಗಿಬಿಡುತ್ತಾನೆ ಎಂದು ಆಗ ನಮಗೆ ಗೊತ್ತಿರಲಿಲ್ಲ. ಅಪ್ಪನ ಕೈಗುಣ ಎಂದುಕೊಂಡಿದ್ದೆವು. ಒಂದು ಭಾನುವಾರ ಕ್ಲೈಮ್ಯಾಕ್ಸ್ ಮುಗಿಯುವವರೆಗೆ ಅಪ್ಪ ಮೇಲೇ ನಿಂತಿದ್ದರು. ಕೆಳಗೆ ಬಂದು ಕೇಳಿದರು, "ಕೊನೆಗೆ ಏನಾಯ್ತು?"

ಜಾಲಹಳ್ಳಿ: ಕೊಟ್ಟ ಕೈ

ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಬಿಇಎಲ್ ಸರ್ಕಲ್ಲಿಗೆ ಬಂದು ನಿಂತರೆ ಕಾಂಪೌಂಡಿನೊಳಗಿನ ದೊಡ್ಡ ಮರಗಳು ಕಾಣುತ್ತವೆ. ಬಿಇಎಲ್ ಎಂದರೆ ಭಾರತ್ ಎಲೆಕ್ಟ್ರಾನಿಕ್ಸ್, 1954ರಲ್ಲಿ ಸೇನೆಯ ರೇಡಿಯೊ ಮಾಡಲೆಂದು ಹುಟ್ಟಿದ ಕಾರ್ಖಾನೆ. ಇದೇ ಸಂಸ್ಥೆ 1970ರಲ್ಲಿ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ಮಾಡಲು ಶುರುಮಾಡಿತು. 1972ರಲ್ಲಿ ದೂರದರ್ಶನಕ್ಕೆ ಟ್ರಾನ್ಸ್‌ಮಿಟರ್ ಮಾಡಿಕೊಟ್ಟಿತು. ಬೆಂಗಳೂರಿನಲ್ಲಿ ಯಾರ ಮನೆಯಲ್ಲೂ ಟಿವಿ ಬರದಿದ್ದ ಕಾಲದಲ್ಲಿ ಬೆಂಗಳೂರಿನ ಕಂಪನಿಯೊಂದು ಬೇರೆ ಊರುಗಳಿಗೆ ಟಿವಿ ಬರುವಂತೆ ಮಾಡುತ್ತಿತ್ತು. ಮದುವೆ ಮನೆಗೆ ಅಡುಗೆ ಮಾಡಿ ತಾನು ಉಪವಾಸ ಕೂತಂತೆ.

1982ರಲ್ಲಿ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೇಶಕ್ಕೆ ಬಣ್ಣದ ಟಿವಿ ಬಂತು. ಮಾರನೆಯ ವರ್ಷ ಇನ್ಸಾಟ್-1ಬಿ ಮೇಲೇರಿತು. ಅಲ್ಲಿಂದ ದಿಲ್ಲಿಯ ಕಾರ್ಯಕ್ರಮ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಸಣ್ಣ ಊರಿನ ಡಿಶ್‌ಗೆ ಇಳಿದು, ಪಕ್ಕದ ಸಣ್ಣ ಟ್ರಾನ್ಸ್‌ಮಿಟರಿನಿಂದ ಸುತ್ತಲಿನ ಮನೆಗಳಿಗೆ ಹರಡತೊಡಗಿತು. ಲೋ ಪವರ್ ಟ್ರಾನ್ಸ್‌ಮಿಟರ್ ಎಂದು ಕರೆಯುತ್ತಿದ್ದ ಆ ಪೆಟ್ಟಿಗೆಯ ಶಕ್ತಿ 100 ವ್ಯಾಟ್, ನಡುಮನೆಯ ಒಂದು ಹಳೆಯ ಬಲ್ಬಿನಷ್ಟು. 1985ರಲ್ಲಿ ಅಂಥ ಟ್ರಾನ್ಸ್‌ಮಿಟರುಗಳನ್ನೂ ಉಪಗ್ರಹದಿಂದ ಕಾರ್ಯಕ್ರಮ ಹಿಡಿಯುವ ಉಪಕರಣಗಳನ್ನೂ ಒದಗಿಸಿದವರಲ್ಲಿ ಬಿಇಎಲ್ ಇತ್ತು. 1987ರಲ್ಲಿ 'ರಾಮಾಯಣ' ಶುರುವಾಗುವ ಹೊತ್ತಿಗೆ ಊರೂರಿನ ಆಂಟೆನಾಗಳಿಗೆ ನೋಡಲು ಒಂದೊಂದು ಗೋಪುರ ಸಿಕ್ಕಿತ್ತು.

ಇನ್ನೊಂದು ವಿಚಿತ್ರ ಇದೆ. ಕರ್ನಾಟಕದಲ್ಲಿ ಟಿವಿ ಮೊದಲು ಕಂಡವರು ಬೆಂಗಳೂರಿನವರಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯವರು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಕಾರ್ಯಕ್ರಮ ಇಳಿಸಿತು. ಸೈಟ್ ಎಂದು ಹೆಸರಾದ ಪ್ರಯೋಗ ಅದು. ಕೋಳಿ ಬಲೆಯ ಜಾಲರಿಯಿಂದ ಮಾಡಿದ 3 ಮೀಟರ್ ಅಗಲದ ಡಿಶ್, ಪಂಚಾಯಿತಿ ಕಟ್ಟೆಯ ಮುಂದೆ ಇಡೀ ಊರು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ಟ್ರಾನ್ಸ್‌ಮಿಟರ್ ಬಂತು, ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲೇ. ಸಾಮಾನ್ಯವಾಗಿ ಮೊದಲು ಆಂಟೆನಾ, ಆಮೇಲೆ ಡಿಶ್. ನಮ್ಮ ನಾಡಿನಲ್ಲಿ ಹಳ್ಳಿಯ ಡಿಶ್ ಮೊದಲು, ರಾಜಧಾನಿಯ ಆಂಟೆನಾ ಆಮೇಲೆ.

ಅದೇ 1975ರ ಏಪ್ರಿಲಿನಲ್ಲಿ ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಇದೇ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ, ಯು.ಆರ್. ರಾವ್ ಅವರ ತಂಡದ ಕೈಯಲ್ಲಿ. ಇವತ್ತೂ ಪೀಣ್ಯ ಎರಡನೇ ಹಂತದಲ್ಲಿ ಉಪಗ್ರಹಗಳ ಜಾಡು ಹಿಡಿಯುವ ಇಸ್ರೋದ ಕೇಂದ್ರ, ಇಸ್ಟ್ರ್ಯಾಕ್ ಇದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಇಡೀ ದೇಶ ಟಿವಿಯಲ್ಲಿ ಕಂಡ ಚಪ್ಪಾಳೆಯ ಕೋಣೆ ಅಲ್ಲಿಯದೇ. ಆ ಹೊತ್ತಿಗೆ ಹಿರಿಯರ ತಾರಸಿಯ ಆಂಟೆನಾಕ್ಕೆ ಬಟ್ಟೆ ಹಗ್ಗದ ಕೆಲಸ ಬಿಟ್ಟು ಬೇರೇನೂ ಉಳಿದಿರಲಿಲ್ಲ. 2022ರ ಮಾರ್ಚಿನ ಹೊತ್ತಿಗೆ ಪ್ರಸಾರ ಭಾರತಿ, ಆಯಕಟ್ಟಿನ ಕೆಲವು ಜಾಗ ಬಿಟ್ಟು, ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿತ್ತು.

ಆ ತಾರಸಿಯಿಂದ ಇಳಿಯುವ ಮುನ್ನ ಪಕ್ಕದ ಡಿಶ್‌ಗೂ ದಿಕ್ಸೂಚಿ ಹಿಡಿದಿದ್ದೆ. ಅದು ನೋಡುತ್ತಿದ್ದುದು 108.2 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹವನ್ನು. ಬೆಂಗಳೂರಿನಿಂದ ಅದರ ದಿಕ್ಕು ಉತ್ತರದಿಂದ ಎಣಿಸಿದರೆ ಸುಮಾರು 111 ಡಿಗ್ರಿ. ಹಳೆಯ ಆಂಟೆನಾದ ದಿಕ್ಕೂ ಹೆಚ್ಚುಕಡಿಮೆ ಅದೇ! ಒಂದೇ ತಾರಸಿಯಲ್ಲಿ ಇಬ್ಬರೂ ಒಂದೇ ಕಡೆ ತಿರುಗಿದ್ದಾರೆ. ಒಬ್ಬ 8 ಕಿಲೋಮೀಟರ್ ಆಚೆ ನೋಡುತ್ತಿದ್ದಾನೆ, ಇನ್ನೊಬ್ಬ ಭೂಮಧ್ಯರೇಖೆಯ ಮೇಲೆ 36,000 ಕಿಲೋಮೀಟರ್ ಎತ್ತರಕ್ಕೆ ಕತ್ತೆತ್ತಿದ್ದಾನೆ.

ವೈಟ್‌ಫೀಲ್ಡ್: ಅಗ್ನಿಮೂಲೆಯ ಬಾಲ್ಕನಿ

ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ನೇರಳೆ ಮಾರ್ಗ ಹಿಡಿದೆ. ಕೆ.ಆರ್. ಪುರ ದಾಟಿ ಹೂಡಿ, ಕುಂದಲಹಳ್ಳಿ ಬರುವ ಹೊತ್ತಿಗೆ ಮನೆಗಳ ನೆತ್ತಿ ಕಾಣುವುದು ನಿಲ್ಲುತ್ತದೆ. ಇಲ್ಲಿನ ಕಟ್ಟಡಗಳೇ ಮೆಟ್ರೊವನ್ನು ಮೇಲಿನಿಂದ ನೋಡುತ್ತವೆ.

ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆಂದು ಮೈಸೂರು ಅರಸರು ಕೊಟ್ಟ ಜಮೀನಿನಲ್ಲಿ ಎದ್ದ ಊರು. ಇನ್ನರ್ ಸರ್ಕಲ್ಲಿನ ಸುತ್ತ ಹಂಚಿನ ಬಂಗಲೆಗಳ ಗುರುತು ಇನ್ನೂ ಉಳಿದಿದೆ. ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬರುವವರೆಗೆ ಇಲ್ಲಿಂದ ಜೆ.ಸಿ. ನಗರದವರೆಗೆ ನಡುವೆ ಅಡ್ಡ ನಿಲ್ಲುವಂಥದ್ದು ಹೆಚ್ಚೇನೂ ಇರಲಿಲ್ಲ. ಈಗ ಇಪ್ಪತ್ತು ಅಂತಸ್ತಿನ ಗೋಡೆಗಳೇ. ಹಳೆಯ ಆಂಟೆನಾ ಇಂದಿಗೂ ದುಡಿಯುತ್ತಿದ್ದರೆ ವೈಟ್‌ಫೀಲ್ಡ್‌ನಲ್ಲಿ ನೆರಳುಗಳ ಜಾತ್ರೆಯೇ ನೆರೆಯುತ್ತಿತ್ತು.

ಡಿಶ್‌ನ ಲೆಕ್ಕ ಬೇರೆ. ಪಟ್ಟಂದೂರು ಅಗ್ರಹಾರದ ಬಳಿ ಒಂದು ಅಪಾರ್ಟ್‌ಮೆಂಟಿನ ಬುಡದಲ್ಲಿ ಹೊಸ ಡಿಶ್ ಹಾಕಲು ಬಂದಿದ್ದ ಹುಡುಗ ಸಿಕ್ಕ. ಬೈಕಿನ ಹಿಂದೆ ಕೇಬಲ್ ಸುರುಳಿ, ಹೆಗಲಿಗೆ ಡ್ರಿಲ್. ತಲೆಯೆತ್ತಿ ಬಾಲ್ಕನಿಗಳನ್ನು ಎಣಿಸುತ್ತಿದ್ದ.

"ಇವ್ರದ್ದು ನಾರ್ತ್-ವೆಸ್ಟ್ ಸಾರ್. ಆಗಲ್ಲ. ನಮ್ಗೆ ಅಗ್ನಿಮೂಲೆ ಬೇಕು."

ನಗು ಬಂತು. ಮನೆ ಕೊಳ್ಳುವವರು ಅಗ್ನಿಮೂಲೆಯಲ್ಲಿ ಅಡುಗೆಮನೆ ಇದೆಯೇ ಎಂದು ಕೇಳುತ್ತಾರೆ. ಇವನು ಅಲ್ಲಿ ಬಾಲ್ಕನಿ ಇದೆಯೇ ಎಂದು ಕೇಳುತ್ತಾನೆ. ಬೆಂಗಳೂರಿನಿಂದ ನಾವು ಬಳಸುವ ಉಪಗ್ರಹಗಳು ಆಗ್ನೇಯದ ಆಕಾಶದಲ್ಲೇ ನೇತಾಡುತ್ತಿವೆ. ಟಾಟಾ ಪ್ಲೇಯದು 83 ಡಿಗ್ರಿ ರೇಖಾಂಶದಲ್ಲಿ. ಇಲ್ಲಿಂದ ಅದು ಆಗ್ನೇಯಕ್ಕೂ ದಕ್ಷಿಣಕ್ಕೂ ಸರಿಸುಮಾರು ನಡುವೆ. ಡಿಡಿ ಫ್ರೀ ಡಿಶ್‌ನದು 93.5ರಲ್ಲಿ, ಸರಿಸುಮಾರು ಆಗ್ನೇಯಕ್ಕೇ, ನೆಲದಿಂದ 66 ಡಿಗ್ರಿ ಮೇಲೆ. ಇಷ್ಟು ಮೇಲೆ ಇರುವುದು ನಮ್ಮ ಪುಣ್ಯ. ಮುಂದಿನ ಕಟ್ಟಡ ನಿಮ್ಮ ಡಿಶ್‌ಗಿಂತ 9 ಮೀಟರ್, ಅಂದರೆ ಮೂರು ಅಂತಸ್ತು ಎತ್ತರವಿದ್ದರೂ ನಡುವೆ 4 ಮೀಟರ್ ಜಾಗ ಬಿಟ್ಟಿದ್ದರೆ ಸಾಕು, ಅದು ಅಡ್ಡ ಬರುವುದಿಲ್ಲ. ಆಂಟೆನಾಕ್ಕೆ ಅರ್ಧ ಮೈಲಿ ಆಚೆಯ ಕಟ್ಟಡವೂ ಹಗೆ. ಡಿಶ್‌ಗೆ ತೀರಾ ಪಕ್ಕದ ಮನೆ ಮಾತ್ರ ಹಗೆ. ಮೂವತ್ತು-ನಲವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟುವ ಈ ಊರಿನಲ್ಲಿ ಆ 4 ಮೀಟರ್ ಎಲ್ಲಿಂದ ತರುವುದು ಎನ್ನುವುದು ಬೇರೆ ಪ್ರಶ್ನೆ.

ಹುಡುಗ ಡಿಶ್ ಜೋಡಿಸುತ್ತ ಇನ್ನೊಂದು ಗುಟ್ಟು ಹೇಳಿದ. ಡಿಶ್‌ನ ಮುಖ ನೋಡುತ್ತಿರುವ ಕಡೆಗೇ ಅದು ನೋಡುತ್ತಿರುವುದಿಲ್ಲ. ಅಲೆ ಹಿಡಿಯುವ ಎಲ್‌ಎನ್‌ಬಿ ಡಿಶ್‌ನ ನಡುವಿಗೆ ಅಡ್ಡ ಬಾರದಂತೆ ಕೆಳಗೆ ತೋಳು ಚಾಚಿ ಕೂತಿರುತ್ತದೆ. ಆ ಓರೆಯ ಕಾರಣಕ್ಕೆ, ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಮೇಲಿನ ಆಕಾಶ ಅದರದು. ಎದುರಿನ ತೆಂಗಿನ ಮರವನ್ನೇ ದಿಟ್ಟಿಸುತ್ತಿರುವಂತೆ ಕಂಡರೂ ಅದರ ಗಮನ ಗರಿಯಿಂದ ಬಹಳ ಮೇಲೆ.

"ಜನ ಸ್ಟ್ರೆಂತ್ ನೋಡ್ತಾರೆ ಸಾರ್. ಕ್ವಾಲಿಟಿ ನೋಡ್ಬೇಕು." ಪರದೆಯ ಮೇಲಿನ ಎರಡು ಪಟ್ಟಿ ತೋರಿಸಿದ. ಮೊದಲನೆಯದು ಎಷ್ಟು ಸದ್ದು ಬರುತ್ತಿದೆ ಎನ್ನುವುದು. ಎರಡನೆಯದು ಆ ಸದ್ದಿನಲ್ಲಿ ಮಾತೆಷ್ಟು ಎನ್ನುವುದು. ಸಂತೆಯಲ್ಲಿ ಸದ್ದಿಗೆ ಬರವಿಲ್ಲ, ಕೂಗಿದ್ದು ಯಾರಿಗೂ ಕೇಳುವುದಿಲ್ಲ. ಒಂದು ಬೋಲ್ಟ್ ಸಡಿಲಾಗಿ ಡಿಶ್ ಎರಡು ಡಿಗ್ರಿ ಜರುಗಿದರೂ ಎರಡನೆಯ ಪಟ್ಟಿ ಕುಸಿಯುತ್ತದೆ. ಹಳೆಯ ಟಿವಿಯಲ್ಲಿ ಅಲೆ ಸೊರಗಿದರೆ ಚುಕ್ಕೆ ಹೆಚ್ಚಾಗಿ ಚಿತ್ರ ಮಂಜಿನೊಳಗೆ ಹೋಗುತ್ತಿತ್ತು. ಹೊಸದರಲ್ಲಿ ಮಂಜೇ ಇಲ್ಲ. ಇದ್ದರೆ ಕನ್ನಡಿಯಂಥ ಚಿತ್ರ, ಇಲ್ಲದಿದ್ದರೆ ಚೌಕಚೌಕವಾಗಿ ಒಡೆದು ನಿಂತ ಮುಖ, ಆಮೇಲೆ ಕತ್ತಲೆ. ನಡುವಿನ ಮೆಟ್ಟಿಲುಗಳನ್ನು ಡಿಜಿಟಲ್ ತೆಗೆದುಹಾಕಿತು.

ಮಳೆಗಾಲದ ಗೋಳು ಕೇಳಿದೆ. ಹಳೆಯ ಆಂಟೆನಾದ ಅಲೆ ಮೀಟರುಗಟ್ಟಲೆ ಉದ್ದ. ಮಳೆಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಡಿಶ್‌ನ ಅಲೆ ಬರೀ ಎರಡೂವರೆ ಸೆಂಟಿಮೀಟರು. ದಪ್ಪ ಹನಿಗಳ ಗೋಡೆ ಅದನ್ನು ನುಂಗಿಬಿಡುತ್ತದೆ. ಆಷಾಢದ ಸೋನೆಗೆ ಜಗ್ಗದ ಡಿಶ್ ಏಪ್ರಿಲಿನ ಸಂಜೆಯ ಆರ್ಭಟದ ಮಳೆಗೆ ಕೈಚೆಲ್ಲುವುದು ಇದಕ್ಕೇ. ಹತ್ತು ನಿಮಿಷ ಕಾಯುವುದೊಂದೇ ದಾರಿ. ಮಳೆ ನಿಂತ ಮೇಲೂ ಬರದಿದ್ದರೆ ದೂರು ಆಕಾಶದ್ದಲ್ಲ, ಕನೆಕ್ಟರಿನದು. ಕೇಬಲ್ ಒಳಗೆ ನೀರು ಇಳಿದಿರುತ್ತದೆ, ತಾಮ್ರ ಹಸಿರು ಕಟ್ಟಿರುತ್ತದೆ. ಹುಡುಗ ಎಲ್‌ಎನ್‌ಬಿ ಹತ್ತಿರ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಳುಕಿಸಿ, ಆಮೇಲೆ ಮೇಲಕ್ಕೊಯ್ದು ಗೋಡೆಯೊಳಗೆ ತೂರಿಸಿದ. ಹರಿದು ಬಂದ ನೀರು ಆ ಬಳುಕಿನ ತಳದಲ್ಲಿ ತೊಟ್ಟಿಕ್ಕಬೇಕು, ಮನೆಯೊಳಗೆ ಬರಬಾರದು. ಹತ್ತು ಪೈಸೆ ಖರ್ಚಿಲ್ಲದ ಉಪಾಯ, ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ.

ವಾಯುವ್ಯದ ಬಾಲ್ಕನಿಯವರು ಏನು ಮಾಡಬೇಕು? ಬಹಳ ಕಡೆ ಸಂಘದವರು ಗೋಡೆಗೆ ಡಿಶ್ ಹಾಕಲು ಬಿಡುವುದೇ ಇಲ್ಲ. ಮಹಡಿಯ ಮೇಲೆ ಎಲ್ಲರಿಗೂ ಸೇರಿ ಒಂದೇ ಡಿಶ್, ಅಲ್ಲಿಂದ ಮನೆಮನೆಗೆ ಕೇಬಲ್. ಇಲ್ಲವೇ ಬೀದಿಯ ಕೇಬಲ್‌ನವರು. ಬೆಂಗಳೂರಿನ ಕೇಬಲ್ 2013ರ ಮಾರ್ಚ್ 31ರ ಗಡುವಿಗೆ ಸೆಟ್‌ಟಾಪ್ ಬಾಕ್ಸಿಗೆ ಹೊರಳಿತು. ಅದೂ ಬೇಡವೆಂದರೆ ಫೈಬರ್. ಫೈಬರ್‌ಗೆ ದಿಕ್ಕಿನ ಹಂಗಿಲ್ಲ. ಅದು ನೆಲದಡಿಯಿಂದ ಬರುತ್ತದೆ. ರಸ್ತೆ ಅಗೆಯುವ ಜೆಸಿಬಿಯ ಹಂಗು ಮಾತ್ರ ಇದೆ.

ಹಿಂದಿರುಗುವಾಗ ಹಳೆಯ ವಿಮಾನ ನಿಲ್ದಾಣ ರಸ್ತೆಯ ಬಸ್ಸು ಹತ್ತಿದೆ. ವಿಮಾನಪುರದಲ್ಲಿ ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರದ ಗೇಟು ಸಿಗುತ್ತದೆ. ಫ್ರೀ ಡಿಶ್ ಇಳಿಸುವ ಜಿಸ್ಯಾಟ್-15 ಈ ಕೇಂದ್ರದ ಕೂಸು, 2015ರ ನವೆಂಬರಿನಲ್ಲಿ ಹಾರಿದ್ದು. ಅದರ ಲಗಾಮು ಇರುವುದು ಹಾಸನದ ನಿಯಂತ್ರಣ ಕೇಂದ್ರದಲ್ಲಿ. ವೈಟ್‌ಫೀಲ್ಡ್‌ನ ಡಿಶ್ ಅಗ್ನಿಮೂಲೆಯ ಆಕಾಶಕ್ಕೆ ಮುಖ ಮಾಡಿ ನೋಡುತ್ತಿರುವ ವಸ್ತು ಅದರ ಬೆನ್ನ ಹಿಂದಿನ ರಸ್ತೆಯಲ್ಲೇ ಹುಟ್ಟಿ ಮೇಲೆ ಹೋಗಿದೆ.

ಎಲೆಕ್ಟ್ರಾನಿಕ್ ಸಿಟಿ: ಮತ್ತೆ ನೆಲದ ಅಲೆ

ಮರುದಿನ ಹಳದಿ ಮಾರ್ಗ. 2025ರ ಆಗಸ್ಟಿನಲ್ಲಿ ತೆರೆದ ದಾರಿ. ಹೊಸ ರೋಡ್, ಬೆರಟೇನ ಅಗ್ರಹಾರ ದಾಟಿದರೆ ಕೋನಪ್ಪನ ಅಗ್ರಹಾರ. 1976ರಲ್ಲಿ ಹುಟ್ಟಿದ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥ ಆರ್.ಕೆ. ಬಾಳಿಗಾ ಅವರು ಕಂಡ ಕನಸಿನಂತೆ, ಇಲ್ಲಿನ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಆಗ ಬೆಂಗಳೂರಿಗೆ ಟಿವಿಯೇ ಇರಲಿಲ್ಲ.

ಆಂಟೆನಾದ ಕಥೆಗೆ ಹೊಸ ಅಧ್ಯಾಯ ಇಲ್ಲಿಂದ ಶುರುವಾಗಬಹುದು. ನೆಲದ ಗೋಪುರದಿಂದ ಡಿಜಿಟಲ್ ಪ್ರಸಾರ ಮಾಡುವ ಪ್ರಯತ್ನ ಹೊಸದೇನಲ್ಲ. 2016ರ ಫೆಬ್ರವರಿಯಲ್ಲಿ ದೂರದರ್ಶನ 16 ನಗರಗಳಲ್ಲಿ ಅದನ್ನು ಆರಂಭಿಸಿದಾಗ ಬೆಂಗಳೂರೂ ಇತ್ತು. ಆ ಹೊತ್ತಿಗೆ ಜನ ಆಂಟೆನಾ ಪೈಪನ್ನು ಗುಜರಿಗೆ ಹಾಕಿಯಾಗಿತ್ತು. ಈಗಿನದು ಇನ್ನೂ ಒಂದು ಹೆಜ್ಜೆ ಮುಂದೆ: ಇಂಟರ್‌ನೆಟ್ಟೂ ಬೇಡ, ಸಿಮ್ಮೂ ಬೇಡ, ಗೋಪುರದ ಅಲೆಯನ್ನು ಫೋನೇ ನೇರ ಹಿಡಿಯುವ ಡೈರೆಕ್ಟ್-ಟು-ಮೊಬೈಲ್. ಅದಕ್ಕೆ ಚಿಪ್ ಮಾಡಿದ್ದು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್. ಅದನ್ನು ಕೊಂಡದ್ದು ಇದೇ ಎಲೆಕ್ಟ್ರಾನಿಕ್ ಸಿಟಿಯ ತೇಜಸ್ ನೆಟ್‌ವರ್ಕ್ಸ್. ಐಐಟಿ ಕಾನ್ಪುರವೂ ಜೊತೆಗಿದೆ. 2023ರಲ್ಲಿ ಬೆಂಗಳೂರು, ದಿಲ್ಲಿ, ನೋಯ್ಡಾಗಳಲ್ಲಿ ಪ್ರಯೋಗ ನಡೆಯಿತು. ಇದಕ್ಕೆಂದು ಸರ್ಕಾರ ಹೇಳಿರುವ 470ರಿಂದ 582 ಮೆಗಾಹರ್ಟ್ಸ್ ಬೇರೇನಲ್ಲ, ಹಳೆಯ ಟಿವಿಯ ಯುಎಚ್‌ಎಫ್ ಪಟ್ಟಿಯೇ. ಎಲ್ಲರೂ ಒಂದೇ ಕ್ರಿಕೆಟ್ ಪಂದ್ಯ ನೋಡುವಾಗ ಇಂಟರ್‌ನೆಟ್ ಪ್ರತಿಯೊಬ್ಬರಿಗೂ ಬೇರೆಬೇರೆ ತಟ್ಟೆ ಬಡಿಸಬೇಕು. ಗೋಪುರ ಒಮ್ಮೆ ಬಡಿಸಿದರೆ ಊರೆಲ್ಲ ಉಂಡೇಳುತ್ತದೆ. ಜೆ.ಸಿ. ನಗರದ ಹಳೆಯ ತರ್ಕಕ್ಕೆ ಹೊಸ ಅಂಗಿ. ಆದರೆ ಜೇಬಿನ ಫೋನಿಗೆ ಮೂತಿಯಿಲ್ಲ. ಅದು ಯಾವ ಕಡೆಯೂ ನೋಡುವುದಿಲ್ಲ. ಆ ಅಲೆ ಬಂದರೆ ಗೋಡೆ ದಾಟಿ, ಮೂಲೆ ಸುತ್ತಿ, ತಾನೇ ಹುಡುಕಿಕೊಂಡು ಬರಬೇಕು. ತಾರಸಿಗೆ ಆಗ ಯಾವ ದಿಕ್ಕೂ ಉಳಿಯುವುದಿಲ್ಲ.

ಹುಸ್ಕೂರು ರಸ್ತೆಯ ಕಡೆ ನಡೆದೆ. ಗಾಜಿನ ಕಟ್ಟಡಗಳ ಹಿಂದೆ ಹೊಸದೊಂದು ಕಟ್ಟಡ ಏಳುತ್ತಿತ್ತು. ಅದರ ಪಕ್ಕ ಕಟ್ಟಡ ಕಾರ್ಮಿಕರ ನೀಲಿ ತಗಡಿನ ಶೆಡ್ಡುಗಳ ಸಾಲು. ಭಾನುವಾರದ ಸಂಜೆ, ಕಲ್ಲೊಲೆಯ ಹೊಗೆ, ನಲ್ಲಿಯ ಮುಂದೆ ಬಕೆಟ್ಟು. ಶೆಡ್ಡಿನ ತಲೆಯ ಮೇಲೆ ಅಲ್ಲಲ್ಲಿ ಫ್ರೀ ಡಿಶ್. ಒಮ್ಮೆ ಬಾಕ್ಸು, ಡಿಶ್ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಕೆಲಸ ಮುಗಿದರೆ ಬಿಚ್ಚಿಕೊಂಡು ಮುಂದಿನ ಸೈಟಿಗೆ ಒಯ್ಯಬಹುದು. ಹೋದ ಕಡೆ ಮತ್ತೆ ದಿಕ್ಕು ಹುಡುಕಬೇಕು, ಅಷ್ಟೆ.

ಕೊನೆಯ ಶೆಡ್ಡಿನ ಮೇಲೆ ಇಪ್ಪತ್ತರ ಹುಡುಗನೊಬ್ಬ ಅದನ್ನೇ ಮಾಡುತ್ತಿದ್ದ. ಡಿಶ್‌ನ ಕಾಲಿಗೆ ಮರಳಿನ ಚೀಲ ಒತ್ತಿಟ್ಟು ತಿರುಗಿಸುತ್ತಿದ್ದ. ಒಳಗಿನಿಂದ ಒಬ್ಬ ಕೂಗುತ್ತಿದ್ದ. ಆ ಭಾಷೆ ಒಡಿಯಾವೋ ಬಂಗಾಳಿಯೋ ನನಗೆ ತಿಳಿಯಲಿಲ್ಲ. ಮಾತು ತಿಳಿಯಿತು. ಬಂದಿಲ್ಲ. ಇನ್ನೂ ಬಂದಿಲ್ಲ. ಸ್ವಲ್ಪ ಬಂತು. ಹೋಯ್ತು.

ದಿಕ್ಸೂಚಿ ತೆಗೆದೆ. ನೂರಿಪ್ಪತ್ತೆಂಟು ಡಿಗ್ರಿ. ಡಿಶ್ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಏರಿಕೆಯೂ ಸರಿಯಿದ್ದಂತೆ ಕಂಡಿತು. ಮತ್ತೇನು ಅಡ್ಡಿ? ಆಗ ಗೊತ್ತಾಯಿತು: ಹುಡುಗ ಡಿಶ್‌ನ ಎದುರೇ ಬಗ್ಗಿ ನಿಂತಿದ್ದಾನೆ. ಜಿಸ್ಯಾಟ್ ಕಳಿಸಿದ್ದೆಲ್ಲ ಅವನ ಬೆನ್ನಿಗೆ ಬೀಳುತ್ತಿದೆ.

ಕೈಸನ್ನೆ ಮಾಡಿದೆ, ಪಕ್ಕಕ್ಕೆ ಬಾ ಎಂದು. ಅವನು ಡಿಶ್ ಬಿಡಲು ಹೆದರಿದ. ಬಿಟ್ಟರೆ ಹೋಗಿಬಿಡುತ್ತದೆ ಎನ್ನುವ ಆ ಮುಖ ನನಗೆ ಗೊತ್ತು. ನಮ್ಮ ಮೆಟ್ಟಿಲ ಮೇಲೆ ನಿಂತು ಎಷ್ಟೋ ಭಾನುವಾರ ನೋಡಿದ್ದೆ. ಮತ್ತೊಮ್ಮೆ ಸನ್ನೆ ಮಾಡಿದೆ. ಒಲ್ಲದ ಮನಸ್ಸಿನಿಂದ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದ.

ಒಳಗೆ ಹಾಡು ಶುರುವಾಯಿತು. ಹುಡುಗ ತಗಡಿನ ಮೇಲಿಂದ ಧಡಧಡ ಇಳಿದು ನೋಡಲು ಓಡಿದ.